ಎರಡು ಚಂದ್ರನ ಮಾಣಿ

ಕೊಕ್ಕರ್ಣೆ ಪೇಟೆಯಲ್ಲಿ ಬಸ್ಸಿಳಿದು ‘ಚಿತ್ರ ಬರೆಯುವ ಮಾಣಿಯ ಮನೆ ಯಾವುದು?’ ಎಂದು ಕೇಳಿದರೆ, ‘ಯಾವ ಮಾಣಿ? ಫ್ಲೆಕ್ಸಿನವನಾ, ಎರಡು ಚಂದ್ರನವನಾ?’ ಎಂಬ ಮರುಪ್ರಶ್ನೆ ಬರುತ್ತದೆ. ಫ್ಲೆಕ್ಸಿನವನಿಗೆ ಸ್ವಂತ ಅಂಗಡಿಯಿದೆ, ಕಾರೂ ಇದೆ. ನಾನು ಹೇಳಹೊರಟಿರುವುದು ಇನ್ನೊಬ್ಬನ ಕತೆ.

ಇವನು ಬರೆಯುವುದೆಲ್ಲ ಲೋಕದಲ್ಲಿ ಇಲ್ಲದ್ದು. ಸೀತಾನದಿಯನ್ನು ಬರೆದರೆ ಮೇಲೆ ಎರಡು ಚಂದ್ರ. ಸೂರಾಲಿನ ಮಣ್ಣಿನ ಅರಮನೆಯನ್ನು ಬರೆದರೆ ಅಂಗಳದಲ್ಲೊಂದು ಹಾರುವ ತಟ್ಟೆ. ಅಡಿಕೆ ತೋಟ ಬರೆದ ಸಲ, ಆರು ಕೈಯ ಜೀವಿಯೊಂದು ಮರದ ತುದಿಯಲ್ಲಿ ಕೂತು ಕೊಳೆರೋಗಕ್ಕೆ ಮದ್ದು ಹೊಡೆಯುತ್ತಿತ್ತು. ಮಗನ ಕಲೆಯಲ್ಲಿ ಅಪ್ಪಯ್ಯನಿಗೆ ಆಸಕ್ತಿ ಹುಟ್ಟಿದ್ದು ಅವತ್ತೊಂದೇ ದಿನ. ‘ಇಂಥವ್ರ್ ಸಿಕ್ಕುದಾರೆ ಇಬ್ರನ್ನ ಕರ್ಸ್ ಮಾರಾಯ. ಮರ ಹತ್ತುಕೆ ಈಗ ಜನವೇ ಇಲ್ಲ!’

ಮೊದಲೆಲ್ಲ ಕಾಗದದ ಮೇಲೆ ಜಲವರ್ಣ. ಆದರೆ ನಮ್ಮ ಕಡೆಯ ಮಳೆಗಾಲ ಯಾರನ್ನೂ ಬಿಡುವುದಿಲ್ಲ. ಆಷಾಢ ಕಳೆಯುವುದರೊಳಗೆ ಮಂಗಳ ಗ್ರಹಕ್ಕೂ ಬೂಷ್ಟು ಹಿಡಿಯಿತು. ಬೆಂಗಳೂರಿನಲ್ಲಿ ಹೋಟೆಲಿಟ್ಟ ಮಾವ ‘ಓದಿಗೆ ಬೇಕು’ ಎಂಬ ಮಾತು ನಂಬಿ ಟ್ಯಾಬ್ಲೆಟ್ ಕೊಡಿಸಿದರು. ಬೂಷ್ಟು ಹೋಯಿತು, ಓದೂ ಹೋಯಿತು.

ಬರೆದರೆ ಸಾಲದು, ಕಳಿಸಬೇಕಲ್ಲ? ಕಡಲಾಚೆಯ ಒಂದು ಆನ್‌ಲೈನ್ ವೈಜ್ಞಾನಿಕ ಕಥಾಪತ್ರಿಕೆಯ ಮೇಲೆ ಇವನ ಕಣ್ಣು. ಭಾಗವತರಿಗೆ ಪ್ರಸಂಗದ ಪದ್ಯ ಬಾಯಿಗೆ ಬರುವ ಹಾಗೆ ಇವನಿಗೆ ಅದರ ನಿಯಮಗಳು ಬರುತ್ತವೆ: ಇಂಚಿಗೆ 300 ಚುಕ್ಕಿ (ಡಿಪಿಐ) ಇರಬೇಕು, ಪರದೆಗೆ ಆರ್‌ಜಿಬಿ ಬಣ್ಣ, ಅಚ್ಚಿಗಾದರೆ ಸಿಎಂವೈಕೆ, ಮೇಲ್ಗಡೆ ಪತ್ರಿಕೆಯ ಹೆಸರಿಗೆ ಜಾಗ ಬಿಟ್ಟಿರಬೇಕು. ಈ ಜಾಗಕ್ಕಾಗಿ ಒಬ್ಬ ಚಂದ್ರನನ್ನು ಮೂರು ಸಲ ಕೆಳಗಿಳಿಸಿದ್ದಾಯಿತು. ‘ಒಂದೇ ಬರ್ದಿದ್ರೆ ಈ ರಗಳೆಯೇ ಇರ್ಲಿಲ್ಲ’ ಎಂದು ಅಮ್ಮ ಒಲೆಯ ಬುಡದಿಂದಲೇ ತೀರ್ಪು ಕೊಟ್ಟರು.

ಫೈಲು ಹೋಗುವುದು ಮನೆಯಿಂದಲ್ಲ. ನೆಟ್‌ವರ್ಕ್ ಇರುವುದು ಗುಡ್ಡೆಯ ಮೇಲಿನ ಗೇರುಮರದ ಬುಡದಲ್ಲಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ರಹ್ಮಾಂಡ ಹಿಡಿದು ಮಾಣಿ ಅಲ್ಲಿ ಒಂಟಿಕಾಲಲ್ಲಿ ನಿಂತದ್ದನ್ನು ಕಂಡ ದನ ಮೇಯಿಸುವವರು, ಏನೋ ಹರಕೆ ಇರಬೇಕೆಂದು ಸುಮ್ಮನಾದರು. ನೂರಕ್ಕೆ ತೊಂಬತ್ತೆರಡು ಹೋದ ಮೇಲೆ ಸಿಡಿಲು ಬಡಿಯಿತು. ಟವರು ಮಲಗಿತು.

ಪೇಟೆಯ ಅಂಗಡಿ ಜಗಲಿಯಲ್ಲಿ ಬೇರೆಯೇ ಕಾಟ. ‘ಹ್ವಾಯ್, ಈಗ ಫೋನಿಗೆ ಹೇಳ್ರೆ ಅದೇ ಚಿತ್ರ ಬರ್ದ್ ಕೊಡತ್ತಲ್ದಾ? ನಿಂಗೆಂತಕ್ಕೆ ಬೇನೆ?’ ಮಾಣಿಗೆ ಮೈಯೆಲ್ಲ ಉರಿ. 2023ರ ಫೆಬ್ರವರಿಯಲ್ಲಿ ಅಮೆರಿಕದ ‘ಕ್ಲಾರ್ಕ್ಸ್‌ವರ್ಲ್ಡ್’ ಪತ್ರಿಕೆ, ಯಂತ್ರ ಬರೆದ ಕತೆಗಳ ರಾಶಿ ತಡೆಯಲಾರದೆ ಕತೆ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿದ್ದನ್ನು ಅವನು ಬಿಡಿಸಿ ಹೇಳುತ್ತಾನೆ. ಕೈಯಲ್ಲಿ ಬರೆದವನಿಗೇ ಇನ್ನು ಬೆಲೆ ಎನ್ನುತ್ತಾನೆ. ಜಗಲಿ ಶ್ರದ್ಧೆಯಿಂದ ಕೇಳಿ, ‘ಅದಿರ್ಲಿ, ನಮ್ಮ ಭಜನಾ ಮಂಡಳಿ ಬ್ಯಾನರಿಗೆ ಒಂದ್ ಗಣಪತಿ ಬರ್ದ್ ಕೊಡ್. ಪುಕ್ಕಟೆ’ ಎನ್ನುತ್ತದೆ.

ಅಪ್ಪಯ್ಯನ ಎದುರು ಅವನ ಅಸ್ತ್ರ ಫ್ರಾಂಕ್ ಪಾಲ್. 1926ರ ಏಪ್ರಿಲ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥಾಪತ್ರಿಕೆಯ ಮೊದಲ ಸಂಚಿಕೆಗೆ ಮುಖಪುಟ ಬರೆದವರು. ಆಕಾಶದಲ್ಲಿ ಶನಿಗ್ರಹ, ಕೆಳಗೆ ಹಿಮದ ಮೇಲೆ ಜಾರಾಡುವ ಜನ. ‘ಅವ್ರ್ ಕಲ್ತದ್ದ್ ವಾಸ್ತುಶಿಲ್ಪ, ಅಪ್ಪಯ್ಯ.’

‘ಕಂಡ್ಯಾ? ಅವ್ರಿಗೆ ಮನೆ ಕಟ್ಟು ಕೆಲ್ಸ ಕೈಯಲ್ಲಿತ್ತ್.’

ಅಸ್ತ್ರ ತಿರುಗಿ ಬಂದು ಬಿಟ್ಟವನಿಗೇ ನಾಟಿತು.

ಚಿತ್ರವನ್ನು ಚಿತ್ರವೆಂದು ನೋಡಿದವರು ಅಜ್ಜ ಒಬ್ಬರೇ. ಆಯುಷ್ಯವಿಡೀ ಯಕ್ಷಗಾನದ ಆಟ ನೋಡಿದವರು. ಅನ್ಯಗ್ರಹದ ದೈತ್ಯನನ್ನು ಕನ್ನಡಕವೇರಿಸಿ ಪರೀಕ್ಷಿಸಿ, ‘ರಕ್ಕಸ ಹೀಂಗೆ ಸೀದಾ ಬಂದ್ ನಿಂತ್ಕಂಬುಕಾಗ. ಮೊದ್ಲ್ ತೆರೆ ಹಿಂದೆ ಆರ್ಭಟೆ ಕೇಣ್ಕ್’ ಎಂದರು. ಮಾಣಿ ಎರಡು ದಿನ ಮುನಿಸಿಕೊಂಡ. ಮೂರನೆಯ ದಿನ ದೈತ್ಯನನ್ನು ಮೋಡದ ಹಿಂದೆ ತಳ್ಳಿ ಎರಡು ಕಣ್ಣು, ಒಂದು ಕೋರೆಹಲ್ಲು ಮಾತ್ರ ಹೊರಗಿಟ್ಟ. ಚಿತ್ರಕ್ಕೆ ಜೀವ ಬಂತು. ಮೇಲ್ಗಡೆ ಪತ್ರಿಕೆಯ ಹೆಸರಿಗೆ ಜಾಗವೂ ಸಿಕ್ಕಿತು.

ಅದನ್ನು ಕಳಿಸಿ ನಾಲ್ಕು ತಿಂಗಳು. ‘ಪರಿಶೀಲನೆಯಲ್ಲಿದೆ’ ಎಂಬ ಸಾಲನ್ನು ಮಾಣಿ ದಿನಕ್ಕೆ ಹತ್ತು ಸಲ ನೋಡಿದ. ಬೇರೆ ಊರಾಗಿದ್ದರೆ ಜನ ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಪಕ್ಕದ ಮಂದಾರ್ತಿಯಲ್ಲಿ ಹರಕೆ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಸೀಮೆಯಿದು. ಡಿಪಿಐ ಎಂದರೆ ತಿಳಿಯದಿದ್ದರೂ ಸರದಿ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಕಡೆಗೊಂದು ಸಂಜೆ ಉತ್ತರ ಬಂತು. ಮಾಣಿ ಗುಡ್ಡೆಯಿಂದ ಇಳಿದ ನಡಿಗೆಯಲ್ಲೇ ಸುದ್ದಿ ಗೊತ್ತಾಯಿತು.

‘ಎಂತ ಅಂದ್ರ್?’ ಅಜ್ಜ ಕೇಳಿದರು.

‘ಈ ಸಲ ಬೇಡ ಅಂಬ್ರ್. ಇನ್ನೊಂದ್ ಕಳ್ಸಿ ಅಂಬ್ರ್.’

‘ಹಾಂಗಾರೆ ಹೆಸ್ರ್ ಪಟ್ಟಿಯಲ್ಲಿತ್ತ್.’ ಅಜ್ಜ ಎಲೆಗೆ ಸುಣ್ಣ ಸವರುತ್ತ ಸ್ವಲ್ಪ ಯೋಚಿಸಿದರು. ‘ಅವ್ರದ್ದ್ ಎಷ್ಟ್ ಮೇಳ?’

ಮಾಣಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ‘ಒಂದೇ, ಅಜ್ಜ. ತಿಂಗ್ಳಿಗೊಂದ್ ಸಂಚಿಕೆ.’

‘ಒಂದೇ ಮೇಳ ಅಂದ್ರೆ ತಡ ಆತ್ತ್ ಮಾಣಿ. ಮಂದಾರ್ತಿಯಲ್ಲಿ ಐದಿದ್ದೂ ನಮ್ ಸರದಿ ಇನ್ನೂ ಬರ್ಲಿಲ್ಲ.’