ಬಡಾವಣೆಗೊಬ್ಬ ಪಿ.ಬಿ.ಎಸ್.

ಮೈಸೂರಿನ ಯಾವ ಬಡಾವಣೆಯ ಕ್ಲಬ್ಬಿಗೆ ಹೋಗಿ, ಅಲ್ಲೊಬ್ಬ ಪಿ.ಬಿ. ಶ್ರೀನಿವಾಸ್ ಇದ್ದೇ ಇರುತ್ತಾರೆ. ವಾರವೆಲ್ಲ ಪಿಂಚಣಿದಾರರು, ಶನಿವಾರ ಸಂಜೆ ಏಳರ ಮೇಲೆ ಗಾಯಕರು. ಮೆರೂನ್ ಕೋಟು, ತಲೆಗೆ ಜರಿಪೇಟ, ಜೇಬಿನ ತುಂಬ ಬಣ್ಣದ ಪೆನ್ನುಗಳು. ಅಸಲಿ ಪಿ.ಬಿ.ಎಸ್. ಅಂಥ ಪೆನ್ನುಗಳಲ್ಲಿ ಹಲವು ಭಾಷೆಗಳ ಕವಿತೆ ಬರೆಯುತ್ತಿದ್ದರು. ನಮ್ಮ ಬಡಾವಣೆಯ ಪಿ.ಬಿ.ಎಸ್. ಆದ ರಾಯರು ತಂಬೋಲ ಚೀಟಿಗೆ ಗೀಟು ಹಾಕುತ್ತಾರೆ.

ಬೆನ್ನ ಹಿಂದಿನ ವಾದ್ಯವೃಂದವೂ ಎಪ್ಪತ್ತರ ಆಸುಪಾಸಿನದೇ. ಗಣೇಶನ ಪೆಂಡಾಲಿನಲ್ಲಿ ನಡುರಾತ್ರಿ ದಾಟಿಸಿ ಬಾರಿಸಿದ ಕೈಗಳು. ಅಕಾರ್ಡಿಯನ್‌ನವರು ಸೊಂಟ ಹಿಡಿದ ಮೇಲೆ ಕೀಬೋರ್ಡಿಗೆ ಬಡ್ತಿ ಪಡೆದಿದ್ದಾರೆ. ಕ್ಲಾರಿಯೋನೆಟ್‌ನವರು ಹೊಸ ಹಲ್ಲಿನ ಸೆಟ್ಟು ಒಗ್ಗುವವರೆಗೆ ಮೊರಾಕಸ್ ಅಲ್ಲಾಡಿಸುತ್ತಾರೆ.

"ಹಲೋ, ಚೆಕ್, ಚೆಕ್... ಎಕೋ ಸ್ವಲ್ಪ ಜಾಸ್ತಿ ಕೊಡಪ್ಪ." ಉಸಿರು ಸಾಲದ ಕಡೆ ಎಕೋ ಹಿಂದಿನ ಅಕ್ಷರವನ್ನೇ ವಾಪಸ್ ತಂದು ಜಾಗ ತುಂಬಿಕೊಡುತ್ತದೆ. ಆಮೇಲೆ ಶ್ರುತಿ. ಹಾರ್ಮೋನಿಯಂ ಕಾಲದಲ್ಲಿ ಶ್ರುತಿ ಇಳಿಸಿದರೆ ಬೆರಳಿನ ದಾರಿಯೇ ಬದಲಾಗಬೇಕಿತ್ತು. ಈಗ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರಾಯಿತು, ಒತ್ತಿಗೆ ಅರ್ಧ ಸ್ವರ ಕೆಳಕ್ಕೆ. ರಾಯರು ವಯಸ್ಸು ಬಿಟ್ಟುಕೊಡುವುದಿಲ್ಲ, ಗುಂಡಿ ಬಿಟ್ಟುಕೊಡುತ್ತದೆ: ನಿವೃತ್ತಿಯಾದ ವರ್ಷ ಮೈನಸ್ ಒಂದು, ಮೊಮ್ಮಗಳು ಹುಟ್ಟಿದಾಗ ಮೈನಸ್ ಎರಡು, ಬೈಪಾಸ್ ಆದ ಮೇಲೆ ಮೈನಸ್ ನಾಲ್ಕು. ಯುಗಳಗೀತೆ ಬಂದರೆ ಮಾತ್ರ ಪಜೀತಿ. ಎಸ್. ಜಾನಕಿಯವರ ಭಾಗ ಹಾಡುವ ನಿವೃತ್ತ ಹೆಡ್‌ಮಿಸ್ಸು, "ಅಷ್ಟು ಕೆಳಗೆ ನನಗೆ ಗಂಟಲೇ ಇಲ್ಲ ಸಾರ್, ಏರಿಸಿ" ಎನ್ನುತ್ತಾರೆ. ಪಾಪ, ಕೀಬೋರ್ಡಿನವರು ಅವರ ಸಾಲಿಗೆ ಏರಿಸಿ, ಇವರ ಸಾಲಿಗೆ ಇಳಿಸಿ, ಲಿಫ್ಟ್ ಆಪರೇಟರ್ ಆಗಿಬಿಡುತ್ತಾರೆ.

ಹಾಡು ಮೂರೂವರೆ ನಿಮಿಷದ್ದಾದರೆ ಪೀಠಿಕೆ ಹತ್ತು ನಿಮಿಷದ್ದು. "1974ರಲ್ಲಿ ‘ಸಂಪತ್ತಿಗೆ ಸವಾಲ್’ಗೆ ಜಿ.ಕೆ. ವೆಂಕಟೇಶ್ ಅವರು ಅಣ್ಣಾವ್ರ ಕೈಲೇ ಹಾಡಿಸಿಬಿಟ್ರು ನೋಡಿ, ಅಲ್ಲಿಂದ ನಮಗೆ ಚಾನ್ಸ್ ಕಮ್ಮಿಯಾಯ್ತು" ಎಂದು ನಿಟ್ಟುಸಿರು ಬಿಡುತ್ತಾರೆ. ಆ ವರ್ಷ ಇವರು ಸೈಕಲ್ ಮೇಲೆ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದರು.

ಕರೋಕೆ ಎಂದರೆ ರಾಯರಿಗೆ ಮೈಯೆಲ್ಲ ಉರಿ. "ಟ್ರ್ಯಾಕು ನಮಗೋಸ್ಕರ ಕಾಯಲ್ಲ ರೀ" ಎನ್ನುತ್ತಾರೆ. ಇದೊಂದರಲ್ಲಿ ನಾನು ಪೂರ್ತಿ ಅವರ ಪಕ್ಷ. ಮೊನ್ನೆ ಕನ್ನಡಕ ಮರೆತು ಬಂದಿದ್ದರು. ಡೈರಿಯಲ್ಲಿ ಸಾಲು ತಪ್ಪಿ, ಎರಡನೇ ಚರಣ ಹಾರಿಸಿ ಸೀದಾ ಮೂರನೆಯದಕ್ಕೆ ಬಿದ್ದರು. ತಬಲದವರು ಕಣ್ಣು ಕೂಡ ಮಿಟುಕಿಸದೆ ಒಂದು ಉರುಳಿಕೆ ಹಾಕಿದರು. ಅಷ್ಟರೊಳಗೆ ಕೀಬೋರ್ಡು ಬಂದು ಕೂಡಿಕೊಂಡಿತು. ನಲವತ್ತು ವರ್ಷ ಒಟ್ಟಿಗೆ ಬಾರಿಸಿದವರಿಗೆ ಯಾರು ಎಲ್ಲಿ ಎಡವುತ್ತಾರೆಂಬುದೂ ಬಾಯಿಪಾಠ. ಮೊರಾಕಸ್‌ನವರೊಬ್ಬರು ಎರಡನೇ ಚರಣದಲ್ಲೇ ಉಳಿದುಕೊಂಡರು, ಅದು ಯಾರಿಗೂ ಕೇಳಿಸಲಿಲ್ಲ.

ಒಂಬತ್ತೂವರೆಗೆ ಕಾರ್ಯದರ್ಶಿಗಳು ಗಡಿಯಾರ ತೋರಿಸಿದರು. ಬಿಸಿಬೇಳೆಬಾತಿನ ಘಮಕ್ಕೆ ಮುಂದಿನ ಸಾಲು ಆಗಲೇ ಎದ್ದಿತ್ತು. ರಾಯರು ಡೈರಿ ಮುಚ್ಚುವಷ್ಟರಲ್ಲಿ ಹಿಂದಿನ ರಮ್ಮಿ ಟೇಬಲ್ಲಿನಿಂದ ಯಾರೋ ಬೋಂಡದ ಹುಡುಗನಿಗೆ ಕೂಗಿದರು: "ಇನ್ನೊಂದು!"

"ನಿಮ್ಮೆಲ್ಲರ ಒತ್ತಾಯದ ಮೇರೆಗೆ..." ಎಂದು ರಾಯರು ಮೈಕ್ ಹಿಡಿದೇಬಿಟ್ಟರು.