ಮೂರ್ ಮಾದರಿಯ ಗೀಚುಹಾಳೆ: ಬಳಸುವ ಮುನ್ನ ಓದಿ

ಶಿಲ್ಪಿ ಹೆನ್ರಿ ಮೂರ್ (1898–1986) ಮಾದರಿಯ ಗೀಚುಹಾಳೆಯನ್ನು ಮನೆಗೆ ತಂದಿದ್ದಕ್ಕೆ ಅಭಿನಂದನೆಗಳು. ಡಬ್ಬಿಯಲ್ಲಿ ಪೆನ್ಸಿಲ್, ಮೇಣದ ಕ್ರೆಯಾನ್, ನೀರುಬಣ್ಣ, ಕಪ್ಪು ಇಂಕು ಇರಬೇಕು. ಒಂದು ಮೂಳೆಯೂ ಬೇಕು. ಅದು ಸಿಗದಿದ್ದರೆ ಅಂಗಡಿಯವರ ಮೇಲೆ ರೇಗಬೇಡಿ, ಹೊಲದ ಬದುವಿನಲ್ಲಿ ನೀವೇ ಹುಡುಕಿಕೊಳ್ಳಿ.

ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದ್ದಂತೆ ಬರೆಯಿರಿ. ಎರಡನೇ ಸಲ ಅದರ ಗೆಣ್ಣು ಮಂಡಿಯಾಗಲಿ. ಮೂರನೇ ಸಲ ಒರಗಿ ಕೂತ ಹೆಂಗಸಾಗಲಿ. ಆಗದಿದ್ದರೆ ಮೂಳೆಯೇ ಆಗಿರಲಿ, ನಷ್ಟವಿಲ್ಲ. 1930ರ ದಶಕದಲ್ಲಿ ಮೂರ್ ಹೀಗೆ ಒಂದೇ ಹಾಳೆಯಲ್ಲಿ ಆಕೃತಿಗಳ ಸಂತೆಯನ್ನೇ ನೆರೆಸುತ್ತಿದ್ದ. ಆತ ಆಗ ಕಲ್ಲು, ಮರಗಳನ್ನು ನೇರವಾಗಿ ಕೆತ್ತುತ್ತಿದ್ದವನು. ಉಳಿ ನಿಧಾನ, ತಲೆ ಚುರುಕು. ಕೆತ್ತಲು ಸರದಿ ಬರುವ ತನಕ ಯೋಚನೆಗಳು ಕಾಯಬೇಕಲ್ಲ, ಹಾಳೆ ಅವುಗಳ ಜಗುಲಿ.

ಇನ್ನು ಉಬ್ಬು ತಗ್ಗು. ಹಾಳೆಗಿರುವುದು ಎರಡೇ ಆಯಾಮ. ಮೂರನೆಯದನ್ನು ಮೂರ್ ಗೆರೆಗಳಲ್ಲೇ ಹೆಣೆದ: ಮೈಯ ಉದ್ದಕ್ಕೂ ಅಡ್ಡಕ್ಕೂ, ಬುಟ್ಟಿಯ ದಬ್ಬೆಗಳ ಹಾಗೆ. ನೆರಳು ತುಂಬುವ ಗೋಜಿಲ್ಲ.

ಕ್ರೆಯಾನ್ ಬಳಸುವಾಗ ಮಾತ್ರ ಅವಸರ ಬೇಡ. ಮೊದಲು ತಿಳಿ ಬಣ್ಣದ ಮೇಣದಲ್ಲಿ ಗೆರೆ ಎಳೆದು, ಮೇಲೆ ಕಡುಬಣ್ಣದ ನೀರು ಹರಿಸಿ. ಕೆಸುವಿನೆಲೆಯ ಮೇಲಿನ ಹನಿಯಂತೆ ನೀರು ಮೇಣದಿಂದ ಜಾರಿ ಬದಿಗೆ ನಿಲ್ಲುತ್ತದೆ, ಕತ್ತಲೊಳಗಿಂದ ಮೈಯೊಂದು ಬೆಳ್ಳಗೆ ಎದ್ದು ಬರುತ್ತದೆ. ಆಮೇಲೆ ಅಂಚಿಗೆ ಇಂಕು. ನೆಂಟರ ಪುಟ್ಟ ಹುಡುಗಿಯನ್ನು ರಂಜಿಸಲು ತಂದ ಅಗ್ಗದ ಕ್ರೆಯಾನ್‌ನಿಂದ ಮೂರ್‌ಗೆ ಹೊಳೆದ ಉಪಾಯವಿದು. ದುಬಾರಿ ಸಾಮಾನು ಕೊಂಡವರು ಈ ಸಾಲನ್ನು ಓದದಿದ್ದರೂ ಆದೀತು.

ಮುಂದೆ ಇದೇ ಉಪಾಯ ಲಂಡನ್ನಿನ ನೆಲದಡಿಗೆ ಇಳಿಯಿತು. 1940ರಲ್ಲಿ ಬಾಂಬಿಗೆ ಹೆದರಿ ಜನ ಸುರಂಗ ರೈಲಿನ ಪ್ಲಾಟ್‌ಫಾರ್ಮ್‌ಗಳಲ್ಲಿ ಸಾಲಾಗಿ ಮಲಗುತ್ತಿದ್ದರು, ಆತ ಅಷ್ಟು ವರ್ಷ ಕೆತ್ತಿದ ಒರಗಿದ ಮೈಗಳೇ ಜೀವ ತಳೆದು ಉಸಿರಾಡುತ್ತಿದ್ದ ಹಾಗೆ. ಇಲ್ಲಿ ಕೈಪಿಡಿಯ ಸೂಚನೆ ಕಟ್ಟುನಿಟ್ಟು: ಮಲಗಿದವರೆದುರು ಗೀಚುಪುಸ್ತಕ ಬಿಚ್ಚಬೇಡಿ. ಮೂರ್ ಕದ್ದುಮುಚ್ಚಿ ನಾಲ್ಕು ಪದ ಗುರುತು ಹಾಕಿಕೊಂಡು, ಮನೆಗೆ ಹೋಗಿ ನೆನಪಿನಿಂದ ಬರೆಯುತ್ತಿದ್ದ. ನನ್ನ ಮಟ್ಟಿಗೆ ಆತನ ಬೆಣ್ಣೆಯಷ್ಟು ನುಣುಪಾದ ಕೊನೆಗಾಲದ ಕಂಚುಗಳಿಗಿಂತ ಈ ಹಾಳೆಗಳೇ ಹೆಚ್ಚು ತೂಕ.

ಎಚ್ಚರಿಕೆ: ಚಿತ್ರ ತೀರಾ ಚೆನ್ನಾಗಿ ಬಂದರೆ ಗಾಬರಿಪಡಿ. ಎಲ್ಲ ಹಾಳೆಯಲ್ಲೇ ಮುಗಿದರೆ ಉಳಿಗೆ ಉಳಿಯುವುದು ನಕಲು ಮಾಡುವ ಕೂಲಿ ಮಾತ್ರ.

ಖಾತರಿಯ ಅವಧಿಯನ್ನು ಸಣ್ಣ ಅಕ್ಷರದಲ್ಲಿ ಕೊಟ್ಟಿದೆ. 1950ರ ದಶಕದಿಂದ ಮೂರ್ ಶಿಲ್ಪಕ್ಕೆ ಮೊದಲು ಚಿತ್ರ ಬರೆಯುವುದನ್ನು ಬಹುಮಟ್ಟಿಗೆ ಕೈಬಿಟ್ಟ. ಚಿತ್ರ ಒಂದೇ ಮಗ್ಗುಲು ತೋರಿಸುತ್ತದೆ, ಅಂಗೈಯಗಲದ ಪ್ಲಾಸ್ಟರ್ ಬೊಂಬೆಯನ್ನಾದರೆ ಹೇಗೆ ಬೇಕಾದರೂ ತಿರುಗಿಸಬಹುದು. 1972ರಲ್ಲಿ ಫ್ಲಾರೆನ್ಸಿನ ಪ್ರದರ್ಶನಕ್ಕೆ ಶಿಲ್ಪಗಳನ್ನು ಕಟ್ಟಿ ಕಳಿಸುವ ಗದ್ದಲವೆದ್ದಾಗ ಆತ ಕಿಟಕಿಯ ಪಕ್ಕ ಕೂತು, ಹೊರಗೆ ಮೇಯುತ್ತಿದ್ದ ಕುರಿಗಳನ್ನು ಬಾಲ್‌ಪೆನ್ನಿನಲ್ಲಿ ಪುಸ್ತಕದ ತುಂಬ ಬರೆದ. ಶಿಲ್ಪಕ್ಕೆಂದು ಅಲ್ಲ. ಕುರಿಗಳು, ಅಷ್ಟೇ.