ಕೋರಂ ಇಲ್ಲದ ಸಭೆ

ನಾಲ್ವರು ಕೂಡಿ ಹಿಡಿದ ಕೆಲಸ ಒಬ್ಬನ ಗೈರುಹಾಜರಿಯಿಂದ ಕೆಡಬಾರದೆಂಬ ಸದುದ್ದೇಶದಿಂದಲೇ ಸರ್ವರುಗಳನ್ನು ಕ್ಲಸ್ಟರೆಂಬ ಸಂಘವಾಗಿ ಕಟ್ಟುವ ಪದ್ಧತಿ ಹುಟ್ಟಿತಾದರೂ, ಸಂಘವೆಂದೊಡನೆ ಅದರ ಬೆನ್ನಿಗೇ ಕೋರಂ ಎಂಬ ಪಿಡುಗೂ ಬಂದಿತು. ಮೂರು ಯಂತ್ರಗಳಲ್ಲಿ ಒಂದು ಮಲಗಿದರೆ ಕಾರ್ಯ ನಿರ್ವಿಘ್ನವಾಗಿ ಸಾಗುತ್ತದೆ. ಎರಡು ಮಲಗಿದುವೆಂದರೆ, ಉಳಿದುದು ಎಷ್ಟೇ ದೃಢಕಾಯವಾಗಿರಲಿ, ಬಹುಮತವಿಲ್ಲದೆ ಯಾವ ನಿರ್ಣಯವನ್ನೂ ಕೈಗೊಳ್ಳಲಾರೆನೆಂದು ಕೈಕಟ್ಟಿ ಕುಳಿತುಬಿಡುತ್ತದೆ. ನಮ್ಮ ಸಹಕಾರ ಸಂಘಗಳ ಮಹಾಸಭೆಯ ತಿಳಿವಳಿಕೆ ಪತ್ರದಲ್ಲಿ, ಕೋರಂ ಸಾಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಸ್ಥಳದಲ್ಲಿ ಬಂದಷ್ಟು ಮಂದಿಯಿಂದಲೇ ನಡೆಸಲಾಗುವುದೆಂಬ ದಯಾಪರ ವಾಕ್ಯವೊಂದು ಅಚ್ಚಾಗಿರುತ್ತದೆ. ಯಂತ್ರಗಳಿಗೆ ಈ ಲೋಕಜ್ಞಾನವಿಲ್ಲ. ಲೆಸ್ಲಿ ಲ್ಯಾಂಪೋರ್ಟ್ ಎಂಬ ಪಂಡಿತರು 1998ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮನಬಂದಾಗ ಎದ್ದುಹೋಗುವ ಸದಸ್ಯರುಳ್ಳ ಗ್ರೀಕ್ ದ್ವೀಪವೊಂದರ ಕಲ್ಪಿತ ಶಾಸನಸಭೆಯ ನೆಪದಲ್ಲಿಯೇ ಈ ಬಹುಮತಶಾಸ್ತ್ರವನ್ನು ನಿರೂಪಿಸಿದರು. ಅವರು ಸಭೆಗಳನ್ನು ಬಲ್ಲವರೇ ಇರಬೇಕು.

ಹೋಸ್ಟೊಂದು ಸ್ತಬ್ಧವಾದಾಗ ವಿಚಾರಣೆಗೆ ಹೊರಟರೆ, "ಯಾರೂ ಏನೂ ಮುಟ್ಟಿಲ್ಲ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರಲ್ಲಿ ಅಸತ್ಯವೇನೂ ಇಲ್ಲ, ಏಕೆಂದರೆ ಮುಟ್ಟಿದವನು ತಿಂಗಳುಗಳ ಹಿಂದೆಯೇ ಮುಟ್ಟಿ, ಬಡ್ತಿ ಪಡೆದು, ಬೇರೆ ಕಂಪೆನಿಗೆ ತೆರಳಿರುತ್ತಾನೆ. ಲಿನಕ್ಸಿನ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಇಲ್ಲದ ಡಿಸ್ಕೊಂದರ ಹೆಸರು ಬರೆದರೆ ಆ ಕ್ಷಣಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಮುಂದೆಂದೋ ರೀಬೂಟಾದಾಗ ಯಂತ್ರವು ಆ ಡಿಸ್ಕಿನ ಆಗಮನವನ್ನು 90 ಸೆಕೆಂಡು ನಿರೀಕ್ಷಿಸಿ, ಅನಂತರ ತುರ್ತುಪರಿಸ್ಥಿತಿಯನ್ನು ಸಾರಿ, ರೂಟ್ ಪಾಸ್‌ವರ್ಡ್ ಕೇಳುತ್ತ ನಿಂತುಬಿಡುತ್ತದೆ. ಆ ಪಾಸ್‌ವರ್ಡನ್ನು ಬಲ್ಲವನೂ ಬೇರೆ ಕಂಪೆನಿಯಲ್ಲಿಯೇ ಇರುತ್ತಾನೆ.

ನಾನು ಹೆಚ್ಚು ಆಸ್ವಾದಿಸಿರುವುದು ಮಾತ್ರ ಬಹುಮತದ ನಿಯಮದಿಂದ ವಿನಾಯಿತಿ ಪಡೆದ, ಎರಡೇ ಹೋಸ್ಟುಗಳ ಕ್ಲಸ್ಟರಿನ ದ್ವಂದ್ವಯುದ್ಧವನ್ನು. ಅವು ಪರಸ್ಪರ ಕುಶಲ ವಿಚಾರಿಸುವ 5405ನೆಯ ಯುಡಿಪಿ ಪೋರ್ಟನ್ನು ಯಾವನೋ ಭದ್ರತಾನಿಷ್ಠನು ಫೈರ್‌ವಾಲಿನಲ್ಲಿ ಮುಚ್ಚಿದನೆಂದರೆ, ಎರಡೂ ಸಜೀವವಾಗಿದ್ದುಕೊಂಡೇ ಇನ್ನೊಂದು ಗತಿಸಿತೆಂದು ನಿಶ್ಚಯಿಸುತ್ತವೆ. ಸತ್ತದ್ದು ಪೂರ್ತಿ ಸಾಯದೆ ಉಭಯರಿಗೂ ಸೇರಿದ ಡಿಸ್ಕಿನಲ್ಲಿ ಏನನ್ನಾದರೂ ಗೀಚಿ ದತ್ತಾಂಶವನ್ನು ಕೆಡಿಸೀತೆಂಬ ಭಯದಿಂದ, ಮೃತನ ವಿದ್ಯುತ್ತನ್ನು ಕಡಿಯುವುದೇ ಬದುಕಿದವನ ಪ್ರಥಮ ಕರ್ತವ್ಯವೆಂಬುದು ಪೇಸ್‌ಮೇಕರ್ ಎಂಬ ತಂತ್ರಾಂಶದ ವಿಧಿ. ಎರಡೂ ಏಕಕಾಲದಲ್ಲಿ ಕರ್ತವ್ಯಪರಾಯಣವಾಗಿ ಎರಡೂ ಉರುಳುವುದುಂಟು. ಪರಿಹಾರವಾಗಿ ಒಂದರ ಕೈಯನ್ನು ಕೆಲವು ಸೆಕೆಂಡು ತಡೆಹಿಡಿಯುವ ವಿಳಂಬವನ್ನು ಕಾನ್ಫಿಗಿನಲ್ಲಿ ಬರೆಯುತ್ತೇವೆ. ಎಂದರೆ, ಯಾರು ಯಾರನ್ನು ಮೊದಲು ಕೊಲ್ಲತಕ್ಕದ್ದೆಂಬುದನ್ನು ನಾವೇ ನಿಗದಿ ಮಾಡಿಕೊಡುತ್ತೇವೆ.

ಅಂಥದೊಂದು ರಾತ್ರಿ, ಪೋರ್ಟು ತೆರೆದು, ಎರಡೂ ಯಂತ್ರಗಳು ಎದ್ದು, ಒಂದನ್ನೊಂದು ಗುರುತಿಸಿ, ನಾವೆಲ್ಲ ಕಾಫಿಗೆ ಏಳುವ ಹೊತ್ತಿಗೆ, ತರುಣ ಸಹೋದ್ಯೋಗಿಯೊಬ್ಬನು ಪರಮ ವಿನಯದಿಂದ ಕೇಳಿದನು: "ಸರ್, ಹೇಗೂ ಫೈಲ್ ಓಪನ್ ಇದೆ, ಇನ್ನೊಂದು ಲೈನೂ ಸರಿ ಮಾಡಿಬಿಡ್ಲಾ?"